ಕ್ವಾರ್ಟರ್ಸ್ ಊರಿನವರು



ರಜೆ ಮುಗಿಸಿ ಬಂದವರನ್ನು "ಊರಿಗೆ ಹೋಗಿದ್ರಾ?" ಅಂತ ವಿಚಾರಿಸುವುದು ನಮ್ಮಲ್ಲಿ ವಾಡಿಕೆ. ಊರೆಂದರೆ ಅಜ್ಜನ ಮನೆ, ನಾಲ್ಕು ಅಡಿಕೆ ಮರ, ವರ್ಷಕ್ಕೊಂದು ತೇರು. ಇದ್ಯಾವುದೂ ಇಲ್ಲದ ಊರಲ್ಲಿ ಬೆಳೆದವರು ನಾವು, ಕುದುರೆಮುಖದವರು. ಕುದುರೆಮುಖ ಅಂದರೆ ಚಾರಣಕ್ಕೆ ಹೋಗುವ ಬೆಟ್ಟವಲ್ಲ, ಅದರ ಮಗ್ಗುಲಲ್ಲಿದ್ದ ಕಂಪನಿ ಟೌನ್‌ಶಿಪ್. ಆ ಜಾಗಕ್ಕೆ ಮೊದಲಿದ್ದ ಹೆಸರು ಮಲ್ಲೇಶ್ವರ. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಅದರ ಬೆನ್ನಿಗೆ ಶಾಲೆ, ಆಸ್ಪತ್ರೆ, ಸಾಲು ಸಾಲು ಕ್ವಾರ್ಟರ್ಸು ಎದ್ದವು. ದುಡ್ಡು ಕೊಟ್ಟು ಅದಿರು ಕೊಳ್ಳುತ್ತೇವೆ ಎಂದಿದ್ದು ಇರಾನಿನ ಷಾ ಸರ್ಕಾರ. 1979ರ ಕ್ರಾಂತಿಯಲ್ಲಿ ಷಾ ಆಳ್ವಿಕೆಯೇ ಮುಗಿಯಿತು. ತೆಹ್ರಾನಿನಲ್ಲಿ ಗಲಾಟೆಯಾದರೆ ಕಳಸದ ಪಕ್ಕದವರು ತಲೆ ಮೇಲೆ ಕೈ ಹೊತ್ತು ಕೂರುವಂಥ ವಿಚಿತ್ರ ಊರು ನಮ್ಮದು.

ಮಕ್ಕಳಿಗೆ ಅದನ್ನೊಮ್ಮೆ ತೋರಿಸೋಣವೆಂದು ಕಳೆದ ಬೇಸಿಗೆಯಲ್ಲಿ ಅಪ್ಪ, ಅಮ್ಮ ಎಲ್ಲರನ್ನೂ ಕಾರಲ್ಲಿ ತುಂಬಿಕೊಂಡು ಕಾರ್ಕಳದ ಕಡೆಯಿಂದ ಘಾಟಿ ಹತ್ತಿದೆವು. ಬಜಗೋಳಿ ದಾಟಿದ ಮೇಲೆ ಮಾಳದ ಚೆಕ್‌ಪೋಸ್ಟು. ಗಾಡಿ ನಂಬರು, ಹೊತ್ತು ಬರೆದ ಚೀಟಿ ಕೈಗಿಟ್ಟು, "ಕಾಡಲ್ಲಿ ಎಲ್ಲೂ ನಿಲ್ಲಿಸಬೇಡಿ" ಅಂದರು. ಅಪ್ಪನಿಗೆ ಅದೇ ಒಂದು ಮುನಿಸು. "ನಮ್ಮೂರಿಗೆ ಹೋಗೋಕೆ ನಂಗೇ ಚೀಟಿಯಾ?" ಎಂದು ಎಸ್.ಕೆ. ಬಾರ್ಡರ್ ಬರುವ ತನಕ ಗೊಣಗಿದರು. ಸೌತ್ ಕೆನರಾ ಜಿಲ್ಲೆ ನಕಾಶೆಯಿಂದ ಮಾಯವಾಗಿ ಎಷ್ಟು ಕಾಲವಾಯಿತೋ, ಆ ತಿರುವಿಗೆ ಮಾತ್ರ ಇವತ್ತಿಗೂ ಅದೇ ಹೆಸರು.

ಟೌನ್‌ಶಿಪ್ ಪೂರ್ತಿ ಹಾಳು ಬಿದ್ದಿಲ್ಲ. ಕೆಲವು ಮನೆಗಳಲ್ಲಿ ಇನ್ನೂ ಜನ ಇದ್ದಾರೆ. ನಮ್ಮ ಸಾಲಿನಲ್ಲಿ ಯಾರೂ ಇರಲಿಲ್ಲ. ಗೋಡೆಗೆ ಪಾಚಿ, ಮೆಟ್ಟಿಲಿನ ಸಂದಿಯಲ್ಲಿ ಆಳೆತ್ತರದ ಗಿಡ. ಬಾಗಿಲಿಲ್ಲದ ಮನೆಯೊಳಗೆ ಗೋಡೆ ಕಪಾಟು ಹಾಗೇ ಇತ್ತು, ಅದರ ಒಳಗೊಂದು ಬಲ್ಬಿನ ಹೋಲ್ಡರು. "ಕಪಾಟಿನೊಳಗೆ ಲೈಟ್ ಯಾಕೆ?" ಅಂತ ಮಗಳು ಕೇಳಿದಳು. ಅಮ್ಮನಿಗೆ ಇಷ್ಟು ಸಾಕಾಯಿತು. ಜೂನಿನಿಂದ ಸೆಪ್ಟೆಂಬರಿನ ತನಕ ಬಟ್ಟೆ ಒಣಗುತ್ತಿರಲಿಲ್ಲ, ರೇಷ್ಮೆ ಸೀರೆಗೆ ಬೂಷ್ಟು ಹಿಡಿಯುತ್ತಿತ್ತು, ಅದಕ್ಕೇ ಹಗಲೂ ರಾತ್ರಿ ಕಪಾಟಿನಲ್ಲಿ 40 ಕ್ಯಾಂಡಲ್ ಬಲ್ಬು ಉರಿಸುತ್ತಿದ್ದೆವು ಎಂದು ಶುರುವಾದದ್ದು ಉಪ್ಪು ನೀರಾಗುವುದು, ಬೆಂಕಿಕಡ್ಡಿ ಗೀರದಿರುವುದು, ಎಲ್ಲವನ್ನೂ ಸುತ್ತಿ ಬಂತು. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿಯುವ ಕಡೆ ಸಂಸಾರ ಮಾಡುವುದೆಂದರೆ ಹಾಗೇ.

ಅದೇ ಮಳೆ ನಮ್ಮ ಊರನ್ನು ಒಕ್ಕಲೆಬ್ಬಿಸಿತು ಅನ್ನಬೇಕು. ನಮ್ಮದು ಕಬ್ಬಿಣದ ಅಂಶ ಕಡಿಮೆಯಿದ್ದ ಅದಿರು. ಅದನ್ನು ಪುಡಿ ಮಾಡಿ, ಅಯಸ್ಕಾಂತದಿಂದ ಕಬ್ಬಿಣ ಬೇರ್ಪಡಿಸಿ, ನೀರಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಪೈಪಿನಲ್ಲಿ ಮಂಗಳೂರಿನ ಪಣಂಬೂರಿಗೆ ಹರಿಸುತ್ತಿದ್ದರು. ಉಳಿದ ಕೆಸರೆಲ್ಲ ಲಕ್ಯಾ ಅಣೆಕಟ್ಟಿಗೆ. ಅಷ್ಟು ಮಳೆ ಬೀಳುವ ಗುಡ್ಡವನ್ನು ಬಗೆದಿಟ್ಟರೆ ಮಣ್ಣು ಹೋಗುವುದೆಲ್ಲಿಗೆ? ಕೆಳಗಿದ್ದದ್ದು ಭದ್ರೆ. ಎಂಬತ್ತರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಇಲ್ಲಿಯ ಸಿಂಗಳೀಕಗಳ ಸಮೀಕ್ಷೆ ಮಾಡಿದರು. 1987ರಲ್ಲಿ ರಾಷ್ಟ್ರೀಯ ಉದ್ಯಾನದ ಅಧಿಸೂಚನೆ ಬಂತು. ಕೊನೆಗೆ 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಾಯಿತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು.

ಆ ದಿನಗಳಲ್ಲಿ ನಮ್ಮ ಮನೆಗಳಲ್ಲಿ "ಪರಿಸರದವರು" ಅನ್ನುವುದು ಬೈಗುಳವೇ ಆಗಿತ್ತು. ಈಗ ಕಣಿವೆಯ ಶೋಲಾ ಕಾಡು, ಅದರ ಮೇಲಿನ ಹುಲ್ಲುಗಾವಲು, ತಿಳಿಯಾಗಿ ಹರಿವ ಹೊಳೆ ನೋಡಿದಾಗ ತೀರ್ಪು ಸರಿ ಎಂದೇ ಅನಿಸುತ್ತದೆ. ಗಣಿ ನಿಂತದ್ದೇ ಒಳ್ಳೆಯದಾಯಿತು ಅಂತ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಹಾಗೆ ಹೇಳಿದ ಮಾತ್ರಕ್ಕೆ ಆ ಕಪಾಟಿನ ಎದುರು ನಿಂತಾಗ ಗಂಟಲು ಕಟ್ಟುವುದು ತಪ್ಪುವುದಿಲ್ಲ. ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯವರ ಮುಂದೆ ಇದನ್ನು ಹೇಳಿಕೊಳ್ಳಲು ಸಂಕೋಚ. ಅವರು ತಲೆಮಾರುಗಳ ಗದ್ದೆ, ತೋಟ, ದೇವರ ಬನ ಎಲ್ಲವನ್ನೂ ಶರಾವತಿಗೆ ಕೊಟ್ಟು ಎದ್ದವರು. ನಾವೋ ಸಂಬಳಕ್ಕೆಂದು ಹೋದವರು, ಸಂಬಳ ನಿಂತಾಗ ಬಂದವರು. ನಮ್ಮ ಟೌನ್‌ಶಿಪ್‌ಗಿಂತ ಮೊದಲೇ ಆ ಕಾಡಿನಲ್ಲಿ ಬೇಸಾಯ ಮಾಡಿಕೊಂಡಿದ್ದವರೂ ಇದ್ದರು; ಅವರ ಊರನ್ನು ನಾವು ಯಾವತ್ತೂ ವಿಚಾರಿಸಲಿಲ್ಲ. ಆದರೂ ಬಾಲ್ಯ ಕಳೆದ ಜಾಗದ ಮೇಲಿನ ಹಂಬಲ ಪಹಣಿ ಪತ್ರ ನೋಡಿಕೊಂಡು ಹುಟ್ಟುವುದಿಲ್ಲವಲ್ಲ. ಊರು ಹೋದದ್ದಕ್ಕೆ ಯಾರನ್ನೂ ದೂರದೆ ಬೇಸರಪಡುವುದು ಸಾಧ್ಯವಿದೆ, ಕಷ್ಟವಿದೆ ಅಷ್ಟೇ. ಅಪ್ಪನಿಗೆ ಅದು ಇನ್ನೂ ಕಷ್ಟ. ಅವರು ಸಿಟ್ಟು ಬಿಟ್ಟಿಲ್ಲ.

ಸಂಸೆ ದಾಟಿ ಕಳಸದಲ್ಲಿ ಊಟಕ್ಕೆ ಕೂತಾಗ ಮಗ ಕೇಳಿದ: "ಅಜ್ಜ, ಆಮೇಲೆ ನಿಮ್ಮ ಕಂಪನಿಯ ಮಂಗಳೂರಿನ ಫ್ಯಾಕ್ಟರಿಗೆ ಅದಿರು ಎಲ್ಲಿಂದ ತಂದರು?" ಗಣಿ ಮುಚ್ಚಿದ ಮೇಲೆ ಛತ್ತೀಸಗಢದ ಬೈಲಾಡಿಲಾದಿಂದ ತರಿಸಿಕೊಂಡರು ಎಂದರು ಅಪ್ಪ. ಅಲ್ಲಿಯೂ ಬೆಟ್ಟ, ಕಾಡು. ಕಿರಂದೂಲು, ಬಚೇಲಿ ಅಂತ ಎರಡು ಕಂಪನಿ ಟೌನ್‌ಶಿಪ್ಪು. "ಅಲ್ಲೂ ಕ್ವಾರ್ಟರ್ಸಿದೆ, ಸ್ಕೂಲಿದೆ, ನಿನ್ನ ವಯಸ್ಸಿನ ಮಕ್ಕಳಿದ್ದಾರೆ" ಅಂದವರು, ಅನ್ನಕ್ಕೆ ಸಾರು ಹಾಕಿಸಿಕೊಳ್ಳುತ್ತಾ, "ಊರು ಯಾವ್ದು ಅಂದ್ರೆ ಅವೂ ಕಂಪನಿ ಹೆಸ್ರೇ ಹೇಳ್ತವೇನೋ" ಎಂದರು.