ಬಲ್ಲವರು ಕಲಿಸಲಿ, ಕಲಿತವರು ಉಳಿಸಲಿ



ಪ್ರವಾದಿ(ಸ)ರು ಒಂದು ಮುದ್ದ್, ಅಂದರೆ ಸುಮಾರು ಒಂದು ಬೊಗಸೆ ತುಂಬುವಷ್ಟು ನೀರಿನಲ್ಲಿ ವುಝೂ ಮಾಡುತ್ತಿದ್ದರು. ನೀರು, ಮಣ್ಣು, ಬೀಜ ಎಲ್ಲವೂ ನಮ್ಮ ಕೈಗೆ ಬಂದ ಅಮಾನತ್. ಅವನ್ನು ಕಾಯಲು ಇಂದು ಕೃತಕ ಬುದ್ಧಿಮತ್ತೆಯೂ ನೆರವಾಗಬಲ್ಲದು.

ಮೊದಲ ಮಳೆಗೆ ಅವಸರದಿಂದ ಬಿತ್ತಿ, ಆಮೇಲೆ ಮಳೆ ಕೈಕೊಟ್ಟರೆ ಬೀಜವೂ ದುಡ್ಡೂ ಮಣ್ಣುಪಾಲು. ನಮ್ಮ ರಾಯಚೂರು, ಬಳ್ಳಾರಿಗಳ ನೆರೆಯ ಕರ್ನೂಲು ಜಿಲ್ಲೆಯಲ್ಲಿ 2016ರಲ್ಲಿ ಇಕ್ರಿಸ್ಯಾಟ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು 175 ಶೇಂಗಾ ರೈತರೊಂದಿಗೆ ಪ್ರಯೋಗವೊಂದನ್ನು ನಡೆಸಿದವು. ಹಲವು ವರ್ಷಗಳ ಹವಾಮಾನದ ಲೆಕ್ಕ ನೋಡಿ ಕಂಪ್ಯೂಟರ್ ಬಿತ್ತನೆಯ ದಿನ ಸೂಚಿಸಿತು. ಸಲಹೆ ತೆಲುಗಿನಲ್ಲಿ, ಸಾಮಾನ್ಯ ಮೊಬೈಲಿಗೇ ಎಸ್ಸೆಮ್ಮೆಸ್ ಆಗಿ ಬಂತು. ಇಳುವರಿ ಸರಾಸರಿ ಶೇ. 30ರಷ್ಟು ಹೆಚ್ಚಿತೆಂದು ಆ ಸಂಸ್ಥೆಗಳು ತಿಳಿಸಿದವು.

ಆದರೆ ಯಂತ್ರದ ಮಾತು ತಪ್ಪಿದರೆ ಸಾಲ ತೀರಿಸಬೇಕಾದವನು ರೈತನೇ. ಆದ್ದರಿಂದ ಕೈಗೆ ಫೋನು ಕೊಟ್ಟರೆ ಸಾಲದು. ಏನು ಕೇಳಬೇಕು, ಬಂದ ಉತ್ತರವನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಹೇಗೆ ಖಚಿತಪಡಿಸಿಕೊಳ್ಳಬೇಕು ಎಂಬುದನ್ನೂ ಕಲಿಸಬೇಕು. ಈ ಯಂತ್ರಗಳು ಸಹ ವಿದ್ಯುತ್ತು, ನೀರು ಬಳಸುತ್ತವೆ. ಮೋಜಿಗಾಗಿ ದಿನವಿಡೀ ಅವುಗಳಿಂದ ಚಿತ್ರ ಮಾಡಿಸುತ್ತಾ ಕೂರುವುದು ದುಂದುಗಾರಿಕೆಯೇ.

ಫೋನಿನ ವಿದ್ಯೆ ನಮ್ಮ ಮಕ್ಕಳಿಗೆ ಗೊತ್ತು. ಹೊಲದ ಅನುಭವ ಹಿರಿಯರಿಗಿದೆ. ಜುಮಾ ನಮಾಝಿನ ನಂತರ ಅರ್ಧ ಗಂಟೆ ಇಬ್ಬರೂ ಜೊತೆಗೆ ಕೂರಲಿ. ಓದಲು ಬಾರದವರಿಗೆ ಕನ್ನಡದಲ್ಲಿ ಮಾತಾಡಿಯೇ ಪ್ರಶ್ನೆ ಕೇಳುವುದನ್ನು ಕಲಿಸೋಣ. ಬಲ್ಲ ವಿದ್ಯೆಯನ್ನು ಹಂಚುವುದೂ ಒಂದು ದಾನ. ಅಲ್ಲಾಹನು ನಮಗೆ ತೌಫೀಕ್ ನೀಡಲಿ, ಆಮೀನ್.