ಭ್ರೂಣದ ಮೊದಲ ಮೂರು ದಿನಗಳು

1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್ ಊರಿನಲ್ಲಿ ಲೂಯಿಸ್ ಬ್ರೌನ್ ಎಂಬ ಹೆಣ್ಣುಮಗು ಜನಿಸಿತು. ತಾಯಿಯ ಒಡಲಿನ ಹೊರಗೆ ಅಂಕುರಿಸಿ ಹುಟ್ಟಿದ ಮೊದಲ ಶಿಶು ಅದು. ಎಡ್ವರ್ಡ್ಸ್, ಸ್ಟೆಪ್ಟೋ ಮತ್ತು ಜೀನ್ ಪರ್ಡಿ ಎಂಬ ಮೂವರ ಶ್ರಮದ ಫಲವಾದ ಆ ಭ್ರೂಣವು ಗರ್ಭವನ್ನು ಸೇರಿದಾಗ ಎಂಟೇ ಜೀವಕೋಶಗಳ ಪುಟ್ಟ ಮುದ್ದೆಯಾಗಿತ್ತು. ಇಂದು ಇಂಥ ಚಿಕಿತ್ಸೆ ನಮ್ಮ ಪಟ್ಟಣಗಳಲ್ಲಿಯೂ ದೊರೆಯುತ್ತದೆ. ಆದರೆ ಪ್ರಯೋಗಶಾಲೆಯಿಂದ “ಭ್ರೂಣದ ಕೋಶಕೇಂದ್ರ ಸರಿಯಾಗಿಲ್ಲ” ಎಂಬ ಮಾತು ಬಂದೊಡನೆ ದಂಪತಿಗಳ ಎದೆ ಕುಸಿಯುತ್ತದೆ. ಎಷ್ಟೋ ಮನೆಗಳಲ್ಲಿ ಸೊಸೆಯ ಮೇಲೆ ಅಪವಾದವೂ ಬರುತ್ತದೆ. ಆ ಮಾತಿನ ಅರ್ಥವೇನೆಂಬುದನ್ನು ನೀವು ತಿಳಿದಿರುವುದು ಒಳ್ಳೆಯದು.

ಮೊದಲು ಸಹಜ ಕ್ರಮವನ್ನು ನೋಡೋಣ. ತಾಯಿಯ ಅಂಡಾಣುವಿನಿಂದ 23, ತಂದೆಯ ವೀರ್ಯಾಣುವಿನಿಂದ 23, ಹೀಗೆ 46 ವರ್ಣತಂತುಗಳು ಸೇರಬೇಕು. ಅಂಡಾಣು ವೀರ್ಯಾಣುಗಳು ಕೂಡಿದ 16ರಿಂದ 18 ಗಂಟೆಗಳ ಬಳಿಕ ಸೂಕ್ಷ್ಮದರ್ಶಕದಲ್ಲಿ ಎರಡು ದುಂಡನೆಯ ಪೂರ್ವಕೇಂದ್ರಗಳು ಕಾಣುತ್ತವೆ, ತಾಯಿಯದೊಂದು, ತಂದೆಯದೊಂದು. ಇವು ಬೆರೆತು ಒಂದೇ ಕೇಂದ್ರವಾಗುವುದಿಲ್ಲ. ಪಕ್ಕಪಕ್ಕಕ್ಕೆ ಬಂದು ನಿಲ್ಲುತ್ತವೆ, ಹೊದಿಕೆಗಳು ಕರಗುತ್ತವೆ, ವರ್ಣತಂತುಗಳು ಜೊತೆಯಾಗಿ ವಿಭಜನೆಗೆ ಅಣಿಯಾಗುತ್ತವೆ. ವ್ಯಾಕರಣದ ಮಾತಿನಲ್ಲಿ ಇದು ದ್ವಂದ್ವಸಮಾಸ; ಎರಡು ಪದಗಳಿಗೂ ಸಮಾನ ಪ್ರಾಧಾನ್ಯ. ಎರಡನೆಯ ದಿನಕ್ಕೆ ನಾಲ್ಕು, ಮೂರನೆಯ ದಿನಕ್ಕೆ ಸುಮಾರು ಎಂಟು ಕೋಶಗಳಾಗುತ್ತವೆ. ಒಂದೊಂದು ಕೋಶಕ್ಕೂ ಒಂದೇ ಕೇಂದ್ರವಿರಬೇಕು.

ಈ ಕ್ರಮ ಮೂರು ಬಗೆಯಲ್ಲಿ ತಪ್ಪುವುದುಂಟು. ಎರಡು ವೀರ್ಯಾಣುಗಳು ಒಳಹೊಕ್ಕರೆ, ಇಲ್ಲವೆ ಅಂಡಾಣು ಹೊರಹಾಕಬೇಕಾದ ಪಾಲನ್ನು ಹೊರಹಾಕದೆ ಉಳಿಸಿಕೊಂಡರೆ, ಮೂರು ಪೂರ್ವಕೇಂದ್ರಗಳಾಗುತ್ತವೆ. ಆಗ ವರ್ಣತಂತುಗಳು ಸಾಮಾನ್ಯವಾಗಿ 69 ಆಗುವುದರಿಂದ ಅಂಥ ಭ್ರೂಣವನ್ನು ಗರ್ಭಕ್ಕೆ ಸೇರಿಸುವ ರೂಢಿಯಿಲ್ಲ. ಎರಡನೆಯದು, ಒಂದೇ ಕೋಶದಲ್ಲಿ ಎರಡು ಅಥವಾ ಹೆಚ್ಚು ಕೇಂದ್ರಗಳಿರುವುದು. ಮೂರನೆಯದು, ವಿಭಜನೆಯಲ್ಲಿ ಹಿಂದೆ ಉಳಿದ ವರ್ಣತಂತು ತನ್ನದೇ ಹೊದಿಕೆ ಹೊದ್ದು ಕಿರುಕೇಂದ್ರವಾಗುವುದು.

ಇದಕ್ಕೆ ಕಾರಣವೇನು? ಜರ್ಮನಿಯ ಗಟ್ಟಿಂಗೆನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಹಸುವಿನ ಭ್ರೂಣಗಳನ್ನು ಪರೀಕ್ಷಿಸಿ ಒಂದು ಸಂಗತಿಯನ್ನು ಪ್ರಕಟಿಸಿದರು. ಹೊದಿಕೆ ಕರಗುವ ಮೊದಲು ವರ್ಣತಂತುಗಳು ಎರಡು ಪೂರ್ವಕೇಂದ್ರಗಳು ಎದುರುಬದುರಾಗುವ ಗಡಿಯಲ್ಲಿ ಬಂದು ನೆರೆಯಬೇಕು. ನೆರೆಯದಿದ್ದರೆ ಹಂಚಿಕೆ ತಪ್ಪುವ ಸಂಭವ ಹೆಚ್ಚು. ಮನುಷ್ಯಭ್ರೂಣಗಳ ಚಿತ್ರಗಳಲ್ಲಿಯೂ ಇದೇ ಕಂಡಿತು. ತಾಯಿಯ ವಯಸ್ಸು ಏರಿದಂತೆ ಅಂಡಾಣುವಿನಲ್ಲಿಯೇ ದೋಷಗಳು ಹೆಚ್ಚುವುದು ನಿಜ. ಆದರೆ ಭ್ರೂಣದ ಮೊದಲ ವಿಭಜನೆಗಳಲ್ಲಾಗುವ ತಪ್ಪು ಎಳೆಯ ವಯಸ್ಸಿನವರಲ್ಲಿಯೂ ಸಾಮಾನ್ಯ. ಅವಳು ಉಂಡದ್ದು, ನಡೆದದ್ದು, ಬಿಟ್ಟ ವ್ರತ, ಇವಾವುವೂ ಅದಕ್ಕೆ ಕಾರಣವಲ್ಲ.

ತಪ್ಪು ಕಂಡಿತೆಂದರೆ ಎಲ್ಲವೂ ಮುಗಿಯಿತೆಂದಲ್ಲ. ಭ್ರೂಣವನ್ನು ಹೊರಗೆ ತೆಗೆಯದೆ ಕೆಲವು ನಿಮಿಷಗಳಿಗೊಮ್ಮೆ ಚಿತ್ರ ತೆಗೆಯುವ ಪೆಟ್ಟಿಗೆಗಳು ಈಗ ಇವೆ. ಎರಡು ಕೋಶಗಳ ಹಂತದಲ್ಲಿ ಬಹುಕೇಂದ್ರವಿದ್ದ ಎಷ್ಟೋ ಭ್ರೂಣಗಳು ನಾಲ್ಕರ ಹಂತಕ್ಕೆ ಬರುವಷ್ಟರಲ್ಲಿ ಒಂದೊಂದೇ ಕೇಂದ್ರವನ್ನು ತೋರಿದ್ದುಂಟು. ಅಂಥವುಗಳಿಂದ ಆರೋಗ್ಯವಂತ ಮಕ್ಕಳು ಹುಟ್ಟಿದ್ದೂ ಉಂಟು. ಆದರೂ ಅವು ಗರ್ಭದಲ್ಲಿ ನೆಲೆಗೊಳ್ಳುವ ಸಂಭವ ಸರಾಸರಿಯಲ್ಲಿ ಕಡಮೆ. ಆದ್ದರಿಂದಲೇ ಬೇರೆ ಒಳ್ಳೆಯ ಭ್ರೂಣವಿದ್ದರೆ ವೈದ್ಯರು ಅದನ್ನು ಮೊದಲು ಆರಿಸುತ್ತಾರೆ.

ಈ ಸನ್ನಿವೇಶ ನಿಮ್ಮ ಮನೆಗೆ ಬಂದರೆ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿರಿ: ದೋಷ ಕಂಡದ್ದು ಯಾವ ಹಂತದಲ್ಲಿ? ಎಷ್ಟು ಕೋಶಗಳಲ್ಲಿ? ಐದನೆಯ ದಿನದವರೆಗೆ ಕಾದು ನೋಡಬಹುದೆ? ಗಂಡಹೆಂಡಿರು ಇಬ್ಬರೂ ಹೋಗಿ ಕೇಳಿರಿ. ಮನೆಯ ಹಿರಿಯರು ಸೊಸೆಯನ್ನು ಪ್ರಶ್ನಿಸದೆ ಅವಳ ಜೊತೆಗೆ ಕುಳಿತರೆ, ಅಂದು ಅವಳಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.