ಪುಟ್ಟ ಮಕ್ಕಳ ಕೈಯಲ್ಲಿ ಬಂದೂಕಿನ ಆಟ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು ಎಂದು ಮೊಬೈಲ್ ಮತ್ತು ಮಕ್ಕಳ ಬಗ್ಗೆ ಮಾತಾಡಲು ಹೇಳಿದ್ದಾರೆ. ನನ್ನದೇ ತಪ್ಪಿನಿಂದ ಶುರು ಮಾಡುತ್ತೇನೆ. 2020ರ ಲಾಕ್‌ಡೌನ್‌ನಲ್ಲಿ ಆನ್‌ಲೈನ್ ಪಾಠಕ್ಕೆಂದು ನನ್ನ ಹಳೆಯ ಮೊಬೈಲನ್ನು ತಂಗಿಯ ಮಗನಿಗೆ ಕೊಟ್ಟೆ. ಅವನಿಗಾಗ ಏಳು ವರ್ಷ. ಮುಂದಿನ ಯುಗಾದಿಗೆ ಬಂದಾಗ ನಮ್ಮವ್ವ ಊಟಕ್ಕೆ ಕರೆದರೆ, "ತಡಿ ಅಜ್ಜಿ, ಇನ್ನಿಬ್ಬರನ್ನ ಸಾಯಿಸ್ಬುಟ್ಟು ಬತ್ತೀನಿ" ಅಂದ. ತಲೆ ಎತ್ತಲೇ ಇಲ್ಲ.

ನಾವೇನು ಸಾಧುಗಳಾಗಿದ್ದೆವೇ? ಮುಸುಕಿನ ಜೋಳದ ದಂಟನ್ನೇ ಬಂದೂಕು ಮಾಡಿಕೊಂಡು ವೀರಪ್ಪನ್-ಪೊಲೀಸ್ ಆಡಿದವರು. ಆದರೆ ಬಿದ್ದವನ ಮಂಡಿ ತರಚಿ ರಕ್ತ ಬಂದರೆ ಆಟ ನಿಲ್ಲುತ್ತಿತ್ತು. ಅವನನ್ನು ಸಮಾಧಾನ ಮಾಡದೆ ಯಾರೂ ಮನೆಗೆ ಹೋಗುವಂತಿರಲಿಲ್ಲ. 2002ರ ಆಗಸ್ಟ್‌ನಲ್ಲಿ ಇಲ್ಲೇ ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪನವರನ್ನು ವೀರಪ್ಪನ್ ಹೊತ್ತೊಯ್ದ. ಡಿಸೆಂಬರ್‌ನಲ್ಲಿ ಕಾಡಿನಲ್ಲಿ ಅವರ ಶವ ಸಿಕ್ಕಿತು. ಆಮೇಲೆ ನಮ್ಮ ಗುಂಪಿನಲ್ಲಿ ವೀರಪ್ಪನ್ ಆಗಲು ಯಾರೂ ಒಪ್ಪಲಿಲ್ಲ.

ಮೊಬೈಲಿನಲ್ಲಿ ಬಿದ್ದವನು ಅಳುವುದಿಲ್ಲ. ಅವನು ಮಾಯ, ನಮಗೆ ಅಂಕ. ಏಳೆಂಟು ವರ್ಷದ ಮಗುವಿಗೆ ಇದು ಬೇಡ ಎನ್ನಲು ನನಗೆ ಇಷ್ಟೇ ಸಾಕು. ಆಡಿದವರೆಲ್ಲ ಕೊಲೆಗಾರರಾಗುತ್ತಾರೆ ಎಂದು ಟಿವಿಯವರ ಹಾಗೆ ಹೆದರಿಸುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘವೂ 2020ರಲ್ಲಿ, ಅಂಥ ಘೋರ ಹಿಂಸೆಗೆ ಈ ಆಟಗಳೇ ಕಾರಣ ಎನ್ನಲು ಪುರಾವೆ ಸಾಲದು, ಆದರೆ ಕಿರುಚುವುದು, ತಳ್ಳುವುದು ಇಂಥ ಸಿಟ್ಟಿಗೂ ಇವಕ್ಕೂ ಸಣ್ಣ ನಂಟಿದೆ ಎಂದಿತು.

ಸರ್ಕಾರ ನಿಷೇಧಿಸಲಿ ಎನ್ನುತ್ತೀರಿ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ನಿಷೇಧವಾಯಿತು. 2021ರಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಬಂತು. 18 ತುಂಬದವರಿಗೆ ಪೋಷಕರ ಒಪ್ಪಿಗೆ ಬೇಕು ಎಂಬ ನಿಯಮವೇನೋ ಇದೆ. ಆದರೆ ವಯಸ್ಸು ಎಷ್ಟೆಂದು ಹೇಳುವವನು ಮಗುವೇ ಅಲ್ಲವೇ! ಬಿಡಲಾರದಷ್ಟು ಅಂಟಿಕೊಂಡ ಮಕ್ಕಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಪ್ರತ್ಯೇಕ ಕ್ಲಿನಿಕ್ಕೇ ಇದೆ. ಸಂಕೋಚಪಡದೆ ಕರೆದುಕೊಂಡು ಹೋಗಿ.

ನಮ್ಮ ಹುಡುಗನ ಮೊಬೈಲಿನಿಂದ ಆ ಆಟ ತೆಗೆದೆ. ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟ. ಮೂರನೆಯ ರಾತ್ರಿ ಜಗಲಿಯ ಮೇಲೆ ಕೂತು ಅವನಿಗೆ ನಮ್ಮ ಆಟದ ಕಥೆ, ಅದು ನಿಂತ ಕಥೆ ಎರಡನ್ನೂ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ಅವ್ರ ಮನೇವ್ರು ಎಷ್ಟು ದಿನ ಕಾಯ್ಕೊಂಡಿದ್ರು ಮಾವ?" ಅಂದ.

ನೂರು ದಿನಕ್ಕೂ ಮೇಲೆ ಅಂದೆ.